ಎಳವೆಯ ಪೆಟ್ಟು, ಮುಪ್ಪಿನ ಕಾಯಿಲೆ

“ಮಗುವಿಗೇನು ತಿಳಿಯುತ್ತದೆ? ದೊಡ್ಡದಾದ ಮೇಲೆ ತಾನಾಗಿ ಮರೆಯುತ್ತದೆ.” ಈ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಗಂಡಹೆಂಡಿರು ಜಗಳವಾಡುವಾಗ ಬಾಗಿಲ ಸಂದಿಯಲ್ಲಿ ನಿಂತು ನೋಡುವ ಮಗುವಿನ ವಿಷಯದಲ್ಲಿ ಈ ಮಾತು ಬರುತ್ತದೆ. ಬಾಸುಂಡೆ ಏಳುವಂತೆ ಪೆಟ್ಟು ತಿಂದ ಹುಡುಗನ ವಿಷಯದಲ್ಲಿ ಬರುತ್ತದೆ. ಹೆತ್ತವರನ್ನು ಬಿಟ್ಟು ಯಾರದೋ ಮನೆಯಲ್ಲಿ ಬೆಳೆಯಬೇಕಾಗಿ ಬಂದ ಕೂಸಿನ ವಿಷಯದಲ್ಲಿಯೂ ಬರುತ್ತದೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಸಮಾಧಾನ ಹೇಳಬೇಕೆಂಬ ಆಶೆಯೇ ಇರುತ್ತದೆ. ಆದರೆ ಈ ಮಾತು ನಿಜವೇ ಎಂಬುದನ್ನು ನಮ್ಮ ಹಿರಿಯರು ಪರೀಕ್ಷಿಸಿ ನೋಡಿದವರಲ್ಲ. ಹಾಗೆ ನೋಡುವ ಸಾಧನವೂ ಅವರಿಗೆ ಇರಲಿಲ್ಲ.

ಈಚಿನ ಮೂರು ನಾಲ್ಕು ದಶಕಗಳಲ್ಲಿ ವೈದ್ಯರು ಅದನ್ನು ಪರೀಕ್ಷಿಸಿ ನೋಡಿದ್ದಾರೆ. ಅವರು ಕಂಡುಕೊಂಡುದನ್ನು ಒಂದು ವಾಕ್ಯದಲ್ಲಿ ಹೇಳುವುದಾದರೆ, ಮಗು ಮರೆತರೂ ಅದರ ದೇಹ ಮರೆಯುವುದಿಲ್ಲ. ಎಳೆಯ ವಯಸ್ಸಿನಲ್ಲಿ ಪದೇಪದೇ ಅನುಭವಿಸಿದ ಭಯವೂ ಅವಮಾನವೂ ನಾಲ್ವತ್ತು ಐವತ್ತು ವರ್ಷಗಳ ಮೇಲೆ ಹೃದ್ರೋಗವಾಗಿ, ಶ್ವಾಸಕೋಶದ ಬೇನೆಯಾಗಿ, ತೀರದ ಮಂಕಾಗಿ ತಲೆಯೆತ್ತಬಹುದು.

ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿರುವ ನಮ್ಮಂಥವರ ಮೇಜಿಗೆ ನೌಕರರ ವೈದ್ಯಕೀಯ ಖರ್ಚಿನ ಬಿಲ್ಲುಗಳು ದಿನವೂ ಬರುತ್ತವೆ. ರೋಗಿಯ ಹೆಸರು, ವಯಸ್ಸು, ರೋಗ, ಔಷಧದ ಬೆಲೆ, ವೈದ್ಯರ ರುಜು ಎಲ್ಲಕ್ಕೂ ಅದರಲ್ಲಿ ಒಂದೊಂದು ಕಾಲಮು ಉಂಟು. “ಬಾಲ್ಯ ಹೇಗಿತ್ತು?” ಎಂಬುದಕ್ಕೆ ಕಾಲಮು ಇಲ್ಲ. ನಮ್ಮ ನಮೂನೆಗಳಲ್ಲಿ ಇಲ್ಲದಿರುವುದು ಸಹಜವೇ. ಆದರೆ ವೈದ್ಯರ ನಮೂನೆಯಲ್ಲಿಯೂ ಬಹುಕಾಲ ಅದು ಇರಲಿಲ್ಲ. ಆ ಪ್ರಶ್ನೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕೇಳಿದವರ ಕಥೆ ತಿಳಿಯತಕ್ಕದ್ದು.

ತೂಕ ಇಳಿಸುವ ಚಿಕಿತ್ಸಾಲಯದಲ್ಲಿ

ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಸ್ಯಾನ್ ಡಿಯೇಗೊ ಎಂಬ ಸಮುದ್ರತೀರದ ನಗರವಿದೆ. ಅಲ್ಲಿ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯ ರೋಗನಿವಾರಣಾ ವಿಭಾಗಕ್ಕೆ ಡಾಕ್ಟರ್ ವಿನ್ಸೆಂಟ್ ಫೆಲಿಟಿ ಎಂಬವರು ಮುಖ್ಯಸ್ಥರಾಗಿದ್ದರು. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಅವರು ಅತಿಯಾದ ಬೊಜ್ಜಿನಿಂದ ನರಳುವವರಿಗಾಗಿ ಒಂದು ಚಿಕಿತ್ಸೆಯನ್ನು ನಡೆಸುತ್ತಿದ್ದರು. ಚಿಕಿತ್ಸೆ ಫಲಕಾರಿಯಾಗಿಯೇ ಇತ್ತು. ಜನ ಹತ್ತಾರು ಕಿಲೋ ತೂಕ ಇಳಿಸಿಕೊಳ್ಳುತ್ತಿದ್ದರು. ಆದರೆ ವಿಚಿತ್ರವೊಂದು ವೈದ್ಯರ ಗಮನಕ್ಕೆ ಬಂದಿತು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ನಡುವೆ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು.

ಅವರಲ್ಲಿ ಒಬ್ಬ ತರುಣಿಯ ವೃತ್ತಾಂತವನ್ನು ಫೆಲಿಟಿಯವರು ಹೆಸರು ಹೇಳದೆ ಬರೆದಿದ್ದಾರೆ. ಆಕೆ ಚಿಕಿತ್ಸೆಗೆ ಬಂದಾಗ ಸುಮಾರು ೧೮೫ ಕಿಲೋ ತೂಗುತ್ತಿದ್ದಳು. ಒಂದು ವರ್ಷದೊಳಗೆ ಅದು ಸುಮಾರು ೬೦ ಕಿಲೋಗೆ ಇಳಿಯಿತು. ಕೆಲವು ವಾರ ಹಾಗೆಯೇ ಇದ್ದು, ಆಮೇಲೆ ಮೂರೇ ವಾರದಲ್ಲಿ ಸುಮಾರು ೧೭ ಕಿಲೋ ಏರಿಬಿಟ್ಟಿತು. ವಿಚಾರಿಸಿದಾಗ, ಆಕೆಯೊಡನೆ ಕೆಲಸಮಾಡುವ ಹಿರಿಯ ವಯಸ್ಸಿನ ಗಂಡಸೊಬ್ಬ ಅನುಚಿತವಾದ ಮಾತನ್ನಾಡಿದ್ದನೆಂದು ತಿಳಿಯಿತು. ಅಷ್ಟಕ್ಕೇ ಇಷ್ಟೇಕೆ ಎಂದು ಮತ್ತೂ ವಿಚಾರಿಸಿದಾಗ, ಎಳೆತನದಲ್ಲಿ ಸ್ವಂತ ಅಜ್ಜನಿಂದಲೇ ತಾನು ಅನುಭವಿಸಿದ ಲೈಂಗಿಕ ದುರಾಚಾರವನ್ನು ಆಕೆ ಹೇಳಿಕೊಂಡಳು.

ವೈದ್ಯರು ಬೆಚ್ಚಿದರು. ಆಮೇಲೆ ಇನ್ನೂರಕ್ಕೂ ಹೆಚ್ಚು ರೋಗಿಗಳನ್ನು ಕೂರಿಸಿಕೊಂಡು ಅವರವರ ಜೀವನ ವೃತ್ತಾಂತವನ್ನು ನಿಧಾನವಾಗಿ ಕೇಳಿದರು. ಬಹು ಮಂದಿಯ ಬಾಲ್ಯದಲ್ಲಿ ಅಂಥದೇ ಒಂದು ಗಾಯ ಕಂಡುಬಂದಿತು. ವೈದ್ಯರು ಯಾವುದನ್ನು ರೋಗವೆಂದು ತಿಳಿದಿದ್ದರೋ ಅದು ಆ ರೋಗಿಗಳ ಪಾಲಿಗೆ ಒಂದು ಪರಿಹಾರವಾಗಿತ್ತು. ದೊಡ್ಡ ಮೈ ಇದ್ದರೆ ಯಾರೂ ತನ್ನತ್ತ ಕಣ್ಣು ಹಾಕುವುದಿಲ್ಲ ಎಂಬುದು ಅವರಿಗೊಂದು ಕೋಟೆ. ತಿನ್ನುವುದು ಭಯವನ್ನು ಕ್ಷಣಕಾಲ ಅಡಗಿಸುವ ಉಪಾಯ. ಕೋಟೆ ಕರಗುತ್ತ ಬಂದಂತೆ ಹಳೆಯ ಭಯ ಮರಳುತ್ತಿತ್ತು. ಆದುದರಿಂದಲೇ ಅವರು ಚಿಕಿತ್ಸೆ ಬಿಟ್ಟು ಓಡುತ್ತಿದ್ದರು.

೧೯೯೦ರಲ್ಲಿ ಫೆಲಿಟಿಯವರು ಇದನ್ನು ಅಟ್ಲಾಂಟಾ ನಗರದ ವೈದ್ಯರ ಸಭೆಯೊಂದರಲ್ಲಿ ಹೇಳಿದಾಗ, ರೋಗಿಗಳು ತಮ್ಮ ಸೋಲಿಗೆ ನೆಪ ಹೇಳುತ್ತಿದ್ದಾರೆ ಎಂದು ಕೆಲವರು ಹಗುರವಾಗಿ ಮಾತನಾಡಿದರಂತೆ. ಆದರೆ ಅದೇ ನಗರದಲ್ಲಿರುವ ಅಮೆರಿಕಾ ಸರ್ಕಾರದ ರೋಗ ನಿಯಂತ್ರಣ ಕೇಂದ್ರದವರು ಇದನ್ನು ಲಘುವಾಗಿ ತೆಗೆದುಕೊಳ್ಳಲಿಲ್ಲ. ಅಲ್ಲಿನ ಡಾಕ್ಟರ್ ರಾಬರ್ಟ್ ಆಂಡಾ ಅವರು ಫೆಲಿಟಿಯವರ ಜತೆಗೂಡಿದರು. ಬೊಜ್ಜಿನವರನ್ನು ಮಾತ್ರ ಕೇಳಿದರೆ ಸಾಲದು, ಸಾಧಾರಣ ಜನರನ್ನೇ ಕೇಳಬೇಕು ಎಂದು ಇಬ್ಬರೂ ನಿಶ್ಚಯಿಸಿದರು.

ಸಾವಿರಾರು ಜನರಿಗೆ ಕೇಳಿದ ಪ್ರಶ್ನೆ

೧೯೯೫ರಿಂದ ೧೯೯೭ರ ವರೆಗೆ, ಅದೇ ಸಂಸ್ಥೆಗೆ ಮಾಮೂಲಿ ದೇಹಪರೀಕ್ಷೆಗೆಂದು ಬಂದ ವಯಸ್ಕರಿಗೆ ಅಂಚೆಯ ಮೂಲಕ ಪ್ರಶ್ನಾವಳಿಯನ್ನು ಕಳುಹಿಸಲಾಯಿತು. ಒಟ್ಟು ಹದಿನೇಳು ಸಾವಿರಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಇವರು ಬಡವರಲ್ಲ, ದಿಕ್ಕಿಲ್ಲದವರಲ್ಲ. ಬಹುಪಾಲು ಓದಿದವರು, ನೌಕರಿಯುಳ್ಳವರು, ವೈದ್ಯಕೀಯ ವಿಮೆಯ ಅನುಕೂಲವಿದ್ದ ಮಧ್ಯಮ ವರ್ಗದವರು. ಒಂದು ರೀತಿಯಲ್ಲಿ ನಮ್ಮ ನಿಮ್ಮಂಥವರು.

ಅವರನ್ನು ಕೇಳಿದುದೇನು? ಹದಿನೆಂಟು ತುಂಬುವುದಕ್ಕೆ ಮುಂಚೆ ಮನೆಯಲ್ಲಿ ಸದಾ ಹೀಯಾಳಿಕೆ, ಬೆದರಿಕೆ ಇತ್ತೇ? ಗಾಯವಾಗುವಂತೆ ಹೊಡೆಯುತ್ತಿದ್ದರೇ? ಲೈಂಗಿಕ ದುರಾಚಾರಕ್ಕೆ ಗುರಿಯಾದಿರೇ? ತಾಯಿ ಏಟು ತಿನ್ನುವುದನ್ನು ಕಂಡಿರೇ? ಮನೆಯಲ್ಲಿ ಕುಡುಕರಿದ್ದರೇ? ಮನೋರೋಗದಿಂದ ನರಳಿದವರು, ಆತ್ಮಹತ್ಯೆಗೆ ಯತ್ನಿಸಿದವರು ಇದ್ದರೇ? ಮನೆಯವರು ಯಾರಾದರೂ ಸೆರೆಮನೆಗೆ ಹೋಗಿದ್ದರೇ? ಮೊದಲಿಗೆ ಹೀಗೆ ಏಳು ಬಗೆಗಳಿದ್ದುವು. ತರುವಾಯ ತಂದೆತಾಯಿಗಳು ಬೇರೆಯಾಗುವುದು, ಅನ್ನಬಟ್ಟೆಯ ಅಲಕ್ಷ್ಯ, ಮಮತೆಯ ಅಲಕ್ಷ್ಯ ಇವು ಸೇರಿ ಹತ್ತಾದುವು. ಒಂದೊಂದು ಬಗೆಗೆ ಒಂದೊಂದು ಅಂಕ. ಇದಕ್ಕೆ ‘ಬಾಲ್ಯದ ಪ್ರತಿಕೂಲ ಅನುಭವಗಳ ಅಧ್ಯಯನ’ ಎಂದು ಹೆಸರು.

ಮೊದಲ ಸುತ್ತಿನಲ್ಲಿ ಉತ್ತರಿಸಿದ ೯,೫೦೮ ಮಂದಿಯ ಲೆಕ್ಕ ೧೯೯೮ರಲ್ಲಿ ಅಚ್ಚಾಯಿತು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಕನಿಷ್ಠ ಒಂದು ಅಂಕ ಬಂದಿತ್ತು. ಕಾಲು ಭಾಗದವರಿಗೆ ಎರಡು ಅಥವಾ ಅದಕ್ಕಿಂತ ಹೆಚ್ಚು. ಈ ಅಂಕಗಳನ್ನು ಅವರ ಆರೋಗ್ಯದ ದಾಖಲೆಗಳೊಡನೆ ಹೋಲಿಸಿ ನೋಡಿದಾಗ, ಮೆಟ್ಟಿಲುಮೆಟ್ಟಿಲಾಗಿ ಏರುವ ಒಂದು ಸಂಬಂಧ ಕಾಣಿಸಿತು. ನಾಲ್ಕು ಅಥವಾ ಹೆಚ್ಚು ಅಂಕ ಬಂದವರಲ್ಲಿ, ಒಂದೂ ಇಲ್ಲದವರಿಗಿಂತ ಕುಡಿತದ ಚಟ, ಮಾದಕ ವಸ್ತುಗಳ ಚಟ, ಮನಸ್ಸಿನ ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಸಂಭವ ನಾಲ್ಕರಿಂದ ಹನ್ನೆರಡು ಪಟ್ಟು ಅಧಿಕವಾಗಿತ್ತು. ಬೀಡಿ ಸಿಗರೇಟಿನ ಚಟ ಎರಡರಿಂದ ನಾಲ್ಕು ಪಟ್ಟು. ಇವು ಮನಸ್ಸಿಗೂ ನಡತೆಗೂ ಸೇರಿದುವೆಂದು ಒಪ್ಪಬಹುದು. ಆದರೆ ಹೃದ್ರೋಗ, ಕ್ಯಾನ್ಸರ್, ಶ್ವಾಸಕೋಶದ ದೀರ್ಘ ವ್ಯಾಧಿ, ಯಕೃತ್ತಿನ ರೋಗ ಇವುಗಳೂ ಅದೇ ಮೆಟ್ಟಿಲನ್ನು ಹತ್ತಿದ್ದುವು.

೨೦೦೯ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕ ಇದಕ್ಕಿಂತಲೂ ಕಠಿನವಾದುದು. ಉತ್ತರಿಸಿದ್ದ ಹದಿನೇಳು ಸಾವಿರ ಮಂದಿಯಲ್ಲಿ ಆಮೇಲೆ ತೀರಿಕೊಂಡವರ ವಯಸ್ಸನ್ನು ಹೋಲಿಸಿದರು. ಅಂಕವೇ ಇಲ್ಲದವರು ತೀರಿಕೊಂಡ ಸರಾಸರಿ ವಯಸ್ಸು ಸುಮಾರು ೭೯. ಆರು ಅಥವಾ ಹೆಚ್ಚು ಅಂಕದವರದು ಸುಮಾರು ೬೧. ಹತ್ತಿರ ಹತ್ತಿರ ಇಪ್ಪತ್ತು ವರ್ಷದ ವ್ಯತ್ಯಾಸ!

ಭಯ ದೇಹಕ್ಕೆ ಇಳಿಯುವ ಬಗೆ

ಮನಸ್ಸಿನ ನೋವು ಹೃದಯದ ರಕ್ತನಾಳದ ವರೆಗೆ ಹೇಗೆ ಹೋಗುತ್ತದೆ ಎಂದು ವಾಚಕರು ಕೇಳುವುದು ನ್ಯಾಯವೇ. ದಾರಿಗಳು ಎರಡು. ಮೊದಲನೆಯದು ಎಲ್ಲರೂ ಊಹಿಸಬಹುದಾದುದು. ನೋವನ್ನು ಮರೆಯಲು ಮನುಷ್ಯ ಕುಡಿಯುತ್ತಾನೆ, ಸೇದುತ್ತಾನೆ, ಮಿತಿಮೀರಿ ತಿನ್ನುತ್ತಾನೆ. ಆ ಚಟಗಳು ರೋಗ ತರುತ್ತವೆ. ಆದರೆ ಚಟಗಳ ಪಾಲನ್ನು ಲೆಕ್ಕದಿಂದ ಕಳೆದ ಮೇಲೂ ಅಪಾಯದ ಒಂದು ಅಂಶ ಉಳಿಯುತ್ತದೆ. ಎರಡನೆಯ ದಾರಿ ದೇಹದ ಒಳಗಿನದು.

ಕತ್ತಲೆಯಲ್ಲಿ ಹಾವು ಕಂಡರೆ ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಕಾಲಿಗೆ ಎಲ್ಲಿಲ್ಲದ ಬಲ ಬರುತ್ತದೆ. ಇದು ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಸಣ್ಣ ಗ್ರಂಥಿಗಳ ಕೆಲಸ. ಮಿದುಳಿನ ಅಪ್ಪಣೆಯಾದೊಡನೆ ಅವು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಹಾವು ಹೋದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ. ಪ್ರಾಣ ಉಳಿಸುವ ಈ ಏರ್ಪಾಡು ಪ್ರಕೃತಿಯ ಕೃಪೆಯೇ ಸರಿ.

ಆದರೆ ಆ ಹಾವು ಮನೆಯಲ್ಲಿಯೇ ಇದ್ದರೆ? ಸಂಜೆಯಾದೊಡನೆ ಮೆಟ್ಟಿಲ ಮೇಲೆ ಕೇಳುವ ತಂದೆಯ ಹೆಜ್ಜೆಯ ಸದ್ದಿನಿಂದಲೇ ಇಂದು ಕುಡಿದಿದ್ದಾನೆಯೇ ಇಲ್ಲವೇ ಎಂದು ಅಳೆಯುವುದನ್ನು ಕಲಿತ ಮಗುವಿಗೆ ಆ ರಸಗಳ ಹರಿವು ನಿಲ್ಲುವ ಹೊತ್ತು ಯಾವುದು? ದಿನವೂ ಏರಿಳಿದು ಆ ಏರ್ಪಾಡು ಬಿಗಿ ತಪ್ಪುತ್ತದೆ. ಮಿದುಳೂ ರಕ್ತನಾಳಗಳೂ ರೋಗನಿರೋಧಕ ಶಕ್ತಿಯೂ ಇನ್ನೂ ಕಟ್ಟಿಕೊಳ್ಳುತ್ತಿರುವ ವಯಸ್ಸು ಅದು. ಅಪಾಯ ಸದಾ ಬಾಗಿಲಲ್ಲಿದೆ ಎಂದು ಎಣಿಸಿಯೇ ಅವು ಬೆಳೆಯುತ್ತವೆ. ಇಂಥ ದೀರ್ಘಕಾಲದ ಸವೆತದಿಂದ ದೇಹದ ಮೇಲೆ ಬೀಳುವ ಹೊರೆಯ ವಿಚಾರವನ್ನು ಬ್ರೂಸ್ ಮೆಕೀವನ್ ಎಂಬ ವಿಜ್ಞಾನಿ ೧೯೯೩ರಿಂದ ವಿವರಿಸುತ್ತ ಬಂದರು.

ನ್ಯೂಜೀಲೆಂಡಿನ ಡನೀಡಿನ್ ನಗರದಲ್ಲಿ ೧೯೭೨-೭೩ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಎಳೆತನದಿಂದಲೇ ಹಿಂಬಾಲಿಸಿ ಪರೀಕ್ಷಿಸುತ್ತ ಬಂದಿದ್ದಾರೆ. ಅವರಿಗೆ ೩೨ ವರ್ಷವಾದಾಗ ರಕ್ತ ತೆಗೆದು ನೋಡಿದರು. ಬಾಲ್ಯದಲ್ಲಿ ದುರ್ವರ್ತನೆಗೆ ಗುರಿಯಾದವರ ರಕ್ತದಲ್ಲಿ ಒಳ ಉರಿಯೂತದ ಗುರುತುಗಳು ಇತರರಿಗಿಂತ ಹೆಚ್ಚಾಗಿದ್ದುವು. ಇಪ್ಪತ್ತು ವರ್ಷದ ಹಿಂದೆ ನಿಂತುಹೋದ ಪೆಟ್ಟು ರಕ್ತದಲ್ಲಿ ಇನ್ನೂ ಉರಿಯುತ್ತಿತ್ತು. ಹೃದಯದ ರಕ್ತನಾಳಗಳು ಕೆಡುವುದಕ್ಕೆ ಈ ಬಗೆಯ ಉರಿಯೂತ ಒಂದು ಕಾರಣವೆಂಬುದು ವೈದ್ಯರು ಒಪ್ಪಿದ ಮಾತು.

ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಮೈಕೇಲ್ ಮೀನೀ ಅವರು ಇಲಿಗಳ ಮೇಲೆ ನಡೆಸಿದ ಪ್ರಯೋಗವೂ ಇಲ್ಲಿ ನೆನೆಯತಕ್ಕದ್ದು. ಕೆಲವು ತಾಯಿ ಇಲಿಗಳು ಮರಿಗಳನ್ನು ಬಹಳವಾಗಿ ನೆಕ್ಕಿ ಸಾಕುತ್ತವೆ. ಕೆಲವು ಅಷ್ಟಾಗಿ ನೆಕ್ಕುವುದಿಲ್ಲ. ಹೆಚ್ಚಾಗಿ ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಗಾಬರಿಯಿಂದ ಬೇಗ ಚೇತರಿಸಿಕೊಳ್ಳುತ್ತಿದ್ದುವು. ಹಾಗಾದರೆ ಇದು ಹುಟ್ಟುಗುಣವೇ? ಮರಿಗಳನ್ನು ಅದಲುಬದಲು ಮಾಡಿ ನೋಡಿದರು. ನೆಕ್ಕದ ತಾಯಿಗೆ ಹುಟ್ಟಿ ನೆಕ್ಕುವ ತಾಯಿಯ ಬಳಿ ಬೆಳೆದ ಮರಿ ಸಾಕಿದ ತಾಯಿಯ ಮರಿಗಳಂತೆಯೇ ಆಯಿತು. ವಂಶವಾಹಿಗಳು ಕೆಲಸ ಮಾಡುವ ಬಗೆಯನ್ನೇ ತಾಯಿಯ ಆರೈಕೆ ತಿದ್ದಿತ್ತು. ಮನುಷ್ಯ ಇಲಿಯಲ್ಲ, ನಿಜ. ಆದರೆ ಎಣ್ಣೆ ಹಚ್ಚಿ, ನೀರೆರೆದು, ಮಡಿಲಲ್ಲಿ ಮಲಗಿಸಿಕೊಂಡು ತಟ್ಟುವ ನಮ್ಮ ಅಜ್ಜಿಯರ ಕೈಗೆ ಇದ್ದ ಬೆಲೆಯೇನೆಂಬುದು ಇದರಿಂದ ಸ್ವಲ್ಪ ತಿಳಿಯಬಹುದು.

ಅಂಕ ಹಣೆಬರಹವಲ್ಲ

ಇಷ್ಟನ್ನು ಓದಿ, ನೊಂದ ಬಾಲ್ಯ ಕಳೆದವರು ಎದೆಗುಂದಬೇಕಾಗಿಲ್ಲ. ಲೆಕ್ಕ ಹೇಳುವುದು ಗುಂಪಿನ ಮಾತನ್ನು, ಒಬ್ಬೊಬ್ಬರ ಭವಿಷ್ಯವನ್ನಲ್ಲ. ಐದು ಅಂಕ ಬಂದವರು ಗಟ್ಟಿಮುಟ್ಟಾಗಿ ಎಂಬತ್ತು ದಾಟುವುದುಂಟು. ಒಂದೂ ಅಂಕವಿಲ್ಲದವರು ನಾಲ್ವತ್ತಕ್ಕೇ ಹೃದಯಾಘಾತಕ್ಕೆ ಈಡಾಗುವುದೂ ಉಂಟು. ಅಧ್ಯಯನ ನಡೆಸಿದ ಆಂಡಾ ಅವರೇ ೨೦೨೦ರಲ್ಲಿ ಒಂದು ಲೇಖನ ಬರೆದು, ಈ ಅಂಕವನ್ನು ಒಬ್ಬ ವ್ಯಕ್ತಿಯ ಜಾತಕದಂತೆ ಬಳಸಕೂಡದೆಂದು ಎಚ್ಚರಿಸಿದರು. ಒಂದೇ ಸಲ ನಡೆದುದಕ್ಕೂ ಹತ್ತು ವರ್ಷ ನಡೆದುದಕ್ಕೂ ಪಟ್ಟಿಯಲ್ಲಿ ಅಂಕ ಒಂದೇ. ಅಲ್ಲದೆ ಅದು ವಯಸ್ಕರ ನೆನಪನ್ನು ನಂಬಿ ಮಾಡಿದ ಲೆಕ್ಕ. ಜಾತಿಯ ಅವಮಾನ, ಗಲಭೆ, ಎಳವೆಯಲ್ಲಿ ತಾಯಿ ತೀರಿಹೋಗುವುದು ಇವು ಆ ಪಟ್ಟಿಯಲ್ಲಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೆಂದು ಸಿದ್ಧಪಡಿಸಿದ ಪ್ರಶ್ನಾವಳಿಯಲ್ಲಿ ಓರಗೆಯವರ ಹಿಂಸೆ, ಬೀದಿಯ ಹಿಂಸೆ, ಯುದ್ಧ ಗಲಭೆಗಳನ್ನು ಸೇರಿಸಿದ್ದಾರೆ.

ಎರಡನೆಯದಾಗಿ, ತೊಂದರೆಯೆಲ್ಲವೂ ವಿಷವಲ್ಲ. ಪರೀಕ್ಷೆಯ ಭಯ, ಆಟದಲ್ಲಿ ಸೋಲು, ತಪ್ಪು ಮಾಡಿದಾಗ ತಾಯಿಯ ಗದರಿಕೆ ಇವುಗಳಿಂದ ಮಗು ಕಲಿಯುತ್ತದೆ. ದೊಡ್ಡ ದುಃಖವನ್ನು ಕೂಡ, ಪಕ್ಕದಲ್ಲಿ ನಂಬಬಹುದಾದ ಹಿರಿಯರಿದ್ದರೆ ಮಗು ತಾಳಿಕೊಳ್ಳುತ್ತದೆ. ದೇಹವನ್ನು ಕೊರೆಯುವುದು, ಪದೇಪದೇ ಬಂದು, ಹೇಳಿಕೊಳ್ಳಲು ಯಾರೂ ಇಲ್ಲದೆ ಒಂಟಿಯಾಗಿ ಹೊರಬೇಕಾದ ಭಯ.

ಇದಕ್ಕೆ ಒಳ್ಳೆಯ ನಿದರ್ಶನ ಹವಾಯಿ ದ್ವೀಪಗಳಲ್ಲೊಂದಾದ ಕವಾಯಿಯಲ್ಲಿ ದೊರೆಯುತ್ತದೆ. ಅಲ್ಲಿ ೧೯೫೫ರಲ್ಲಿ ಹುಟ್ಟಿದ ೬೯೮ ಮಕ್ಕಳನ್ನು ಎಮ್ಮಿ ವರ್ನರ್ ಎಂಬ ವಿದುಷಿ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಕುಡಿತ, ಮನೆಯ ಕಲಹ ಮೊದಲಾದ ಅನೇಕ ಅಪಾಯಗಳ ನಡುವೆ ಹುಟ್ಟಿದ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲಿನವರು ಸಮರ್ಥರೂ ಸಹೃದಯರೂ ಆದ ವಯಸ್ಕರಾಗಿ ಬೆಳೆದರು. ಅವರೆಲ್ಲರ ಬಾಳಿನಲ್ಲಿ ಕಂಡ ಒಂದು ಸಮಾನ ಅಂಶವೆಂದರೆ, ಒಬ್ಬ ಹಿರಿಯರಾದರೂ ಅವರನ್ನು ಬಿಡದೆ ಪ್ರೀತಿಯಿಂದ ಕಂಡಿದ್ದರು. ತಂದೆತಾಯಿಯೇ ಆಗಬೇಕೆಂದಿರಲಿಲ್ಲ, ಅಜ್ಜಿ, ಚಿಕ್ಕಮ್ಮ, ಉಪಾಧ್ಯಾಯರು, ನೆರೆಮನೆಯವರು ಯಾರಾದರೂ ಆಗಬಹುದಿತ್ತು. ಹರೆಯದಲ್ಲಿ ದಾರಿ ತಪ್ಪಿದವರಲ್ಲಿಯೂ ಬಹು ಮಂದಿ ನಡುವಯಸ್ಸಿನ ಹೊತ್ತಿಗೆ ಬಾಳನ್ನು ನೇರ ಮಾಡಿಕೊಂಡಿದ್ದರು.

ಬೇಗ ಕೈಹಿಡಿದಷ್ಟೂ ಒಳ್ಳೆಯದು ಎಂಬುದಕ್ಕೆ ರುಮೇನಿಯಾ ದೇಶ ಸಾಕ್ಷಿ. ಅಲ್ಲಿ ೧೯೮೯ರಲ್ಲಿ ಚೌಶೆಸ್ಕುವಿನ ಆಡಳಿತ ಉರುಳಿದಾಗ, ಅನಾಥಾಲಯಗಳಲ್ಲಿ ಎತ್ತಿಕೊಳ್ಳುವವರಿಲ್ಲದೆ ತೊಟ್ಟಿಲುಗಳಲ್ಲಿಯೇ ಬೆಳೆದ ಸಾವಿರಾರು ಮಕ್ಕಳನ್ನು ಜಗತ್ತು ಕಂಡಿತು. ೨೦೦೦ದಿಂದ ಬುಖಾರೆಸ್ಟಿನಲ್ಲಿ ಅಂಥ ೧೩೬ ಎಳೆಯರನ್ನು ವಿಜ್ಞಾನಿಗಳು ಅಧ್ಯಯನಕ್ಕೆ ತೆಗೆದುಕೊಂಡು, ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಲ್ಲಿಟ್ಟರು. ಸಾಕುತಾಯಿಯ ಮಡಿಲು ಸೇರಿದವರು ಹಲವು ರೀತಿಯಲ್ಲಿ ಚೇತರಿಸಿಕೊಂಡರು. ಎರಡು ವರ್ಷ ತುಂಬುವುದರೊಳಗೆ ಸೇರಿದವರು ಹೆಚ್ಚು ಚೇತರಿಸಿಕೊಂಡರು.

ನಮ್ಮ ನಾಡಿನ ಲೆಕ್ಕ

ಇವೆಲ್ಲ ಪರದೇಶದ ಮಾತು, ನಮ್ಮ ಕುಟುಂಬಗಳು ಹಾಗಿಲ್ಲ ಎಂದು ಹೇಳುವವರುಂಟು. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ೨೦೦೭ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ೧೩ ರಾಜ್ಯಗಳ ೧೨,೪೪೭ ಮಕ್ಕಳನ್ನು ಕೇಳಿ ಮಾಡಿದ ವರದಿ ಅದು. ನಾವು ನೆಲಸಿರುವ ಮಹಾರಾಷ್ಟ್ರ, ದೆಹಲಿ, ಆಂಧ್ರಪ್ರದೇಶಗಳೂ ಅದರಲ್ಲಿ ಸೇರಿದ್ದುವು. ಮೂರರಲ್ಲಿ ಎರಡು ಪಾಲು ಮಕ್ಕಳು ಹೊಡೆತಬಡಿತಕ್ಕೆ ಗುರಿಯಾಗಿದ್ದರು. ಯಾವುದಾದರೊಂದು ಬಗೆಯ ಲೈಂಗಿಕ ದುರ್ವರ್ತನೆಯನ್ನು ಅನುಭವಿಸಿದವರು ನೂರಕ್ಕೆ ೫೩. ಹಾಗೆ ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಅದು ನಂಬಿದ್ದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ. ಗಂಡುಮಕ್ಕಳೂ ಹೆಣ್ಣುಮಕ್ಕಳಷ್ಟೇ ಅಪಾಯದಲ್ಲಿದ್ದರು.

ಮುಂಬಯಿಯ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ವಿಚಾರವೂ ಇದೆ. ನಮ್ಮ ಹಿರಿಯ ತಲೆಮಾರಿನ ಎಷ್ಟೋ ಮಂದಿ ಹತ್ತು ಹನ್ನೆರಡರ ಎಳೆವಯಸ್ಸಿನಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳಿಂದ ಹಡಗು ಹತ್ತಿಯೋ ಬಸ್ಸು ಹಿಡಿದೋ ಈ ಊರಿಗೆ ಬಂದು, ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಮೇಲೆ ಬಂದವರು. ಅವರ ಸಾಹಸವನ್ನು ಸಂಘದ ವೇದಿಕೆಗಳಲ್ಲಿ ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳತಕ್ಕದ್ದೇ. ಆದರೆ ತಾಯಿಯ ಮುಖ ಕಾಣದೆ, ಜ್ವರ ಬಂದರೆ ಹಣೆ ಮುಟ್ಟುವವರಿಲ್ಲದೆ ಕಳೆದ ಆ ರಾತ್ರಿಗಳ ಲೆಕ್ಕವನ್ನು ನಾವು ಕೇಳಿದ್ದು ಕಡಿಮೆ. ಗೆದ್ದವರು ವೇದಿಕೆ ಹತ್ತಿದರು. ಕುಡಿತಕ್ಕೆ ಬಿದ್ದವರ, ಬೇಗನೆ ಹೋದವರ ಮಾತನ್ನು ಯಾರೂ ಎತ್ತಲಿಲ್ಲ.

ಆ ಹುಡುಗರಿಗೆ ಅಕ್ಷರದ ಜತೆಗೆ ಇನ್ನೇನನ್ನೋ ರಾತ್ರಿ ಶಾಲೆಗಳು ಕೊಟ್ಟುವೆಂದು ನಮಗೆ ತೋರುತ್ತದೆ. ದಿನವಿಡೀ “ಏ ಹುಡುಗಾ” ಎಂದು ಕರೆಸಿಕೊಂಡವನನ್ನು ಅಲ್ಲಿ ಮೇಷ್ಟ್ರು ಹೆಸರು ಹಿಡಿದು ಕರೆಯುತ್ತಿದ್ದರು. ಎರಡು ದಿನ ಬಾರದಿದ್ದರೆ ಏಕೆಂದು ಕೇಳುತ್ತಿದ್ದರು, ಅದೂ ಅವನ ತಾಯಿನುಡಿಯಲ್ಲಿ. ಕವಾಯಿಯ ಪಂಡಿತರು ಹೇಳಿದ ‘ಒಬ್ಬ ಹಿರಿಯರು’ ಎಂದರೆ ಇಂಥವರೇ ಅಲ್ಲವೇ? ಹೋಟೆಲುಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸುವುದನ್ನು ೨೦೦೬ರಲ್ಲಿಯೇ ಸರ್ಕಾರ ನಿಷೇಧಿಸಿತು. ೨೦೧೬ರ ತಿದ್ದುಪಡಿ ಹದಿನಾಲ್ಕರ ಒಳಗಿನವರನ್ನು ಯಾವ ಉದ್ಯೋಗಕ್ಕೂ ಇಟ್ಟುಕೊಳ್ಳಕೂಡದೆಂದು ವಿಧಿಸಿತು. ಆ ಕಾಲ ಹೋಯಿತು. ಆದರೆ ‘ಒಬ್ಬ ಹಿರಿಯರ’ ಅಗತ್ಯ ಹೋಗಿಲ್ಲ.

ಪರಸ್ಥಳದ ಮನೆಗಳಲ್ಲಿ

ಊರಿನ ದೊಡ್ಡ ಮನೆಯಲ್ಲಿ ತಂದೆ ಕೋಪಗೊಂಡರೆ ಮಗು ಅಜ್ಜಿಯ ಸೆರಗಿನ ಹಿಂದೆ ಹೋಗುತ್ತಿತ್ತು. ದೊಡ್ಡಪ್ಪ ಬಂದು “ಸಾಕು ಬಿಡೋ” ಎನ್ನುತ್ತಿದ್ದರು. ಆ ಕೂಡುಕುಟುಂಬವೂ ನಂದನವನವಾಗಿರಲಿಲ್ಲ. ಅಲ್ಲಿಯ ಕತ್ತಲ ಕೋಣೆಗಳಲ್ಲಿ ನಡೆದ ಅನ್ಯಾಯಗಳು ಎಷ್ಟೋ. ಆದರೂ ಓಡಿ ಹೋಗಲು ಇನ್ನೊಂದು ಮಡಿಲಿತ್ತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಎರಡು ಕೋಣೆಯ ಮನೆಗಳಲ್ಲಿ ಗಂಡ, ಹೆಂಡತಿ, ಮಗು ಮೂವರೇ. ಜಗಳ ನಡೆದರೆ ಮಗು ಹೋಗುವುದೆಲ್ಲಿಗೆ? ಗೋಡೆಯ ಆಚೆ ಇರುವವರ ಭಾಷೆ ಬೇರೆ, ಬಾಗಿಲು ಮುಚ್ಚಿದೆ. ಹಾಗಾದರೆ ನಾವು ಮಾಡತಕ್ಕದ್ದೇನು?

ಜಗಳವಿಲ್ಲದ ಸಂಸಾರವಿಲ್ಲ. ಆದರೆ ಜಗಳವನ್ನು ಕಂಡ ಮಗುವಿಗೆ ರಾಜಿಯನ್ನೂ ಕಾಣಿಸಬೇಕು. “ಅಪ್ಪ ಅಮ್ಮ ಕೂಗಾಡಿದೆವು, ಈಗ ಸರಿಹೋಯಿತು, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ” ಎಂದು ಬಾಯಿಬಿಟ್ಟು ಹೇಳಬೇಕು. ಮನೆಯ ಜಗಳಕ್ಕೆಲ್ಲ ತಾನೇ ಕಾರಣವೆಂದು ಮಗು ಎಣಿಸುವುದು ಬಹು ಸಾಮಾನ್ಯ.

ಹೊಡೆಯುವುದರ ವಿಷಯ. “ಛಡಿ ಛಂ ಛಂ, ವಿದ್ಯಾ ಘಂ ಘಂ” ಎಂಬುದು ನಮ್ಮ ಕಡೆಯೂ ಮರಾಠಿ ಕಡೆಯೂ ಬೇರೂರಿದ ಮಾತು. ಶಾಲೆಯಲ್ಲಿ ಹೊಡೆಯುವುದನ್ನು ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆ ನಿಷೇಧಿಸಿತು. ಮನೆಗೆ ಅಂಥ ಕಾಯಿದೆ ಬರುವ ತನಕ ಕಾಯಬೇಕಾಗಿಲ್ಲ. ಏಟು ತಿಂದ ಮಗು ಏಟು ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆ, ಪಾಠವನ್ನಲ್ಲ.

ಇನ್ನು, ಎಲ್ಲಕ್ಕಿಂತ ಕಷ್ಟದ ವಿಷಯ. ಮಗು ಬಂದು ಇಂಥವರು ನನ್ನೊಡನೆ ಹೀಗೆ ನಡೆದುಕೊಂಡರು ಎಂದರೆ, ಆ ಇಂಥವರು ಎಷ್ಟೇ ಹತ್ತಿರದ ನಂಟರಾಗಿರಲಿ, ಸ್ನೇಹಿತರಾಗಿರಲಿ, ಮೊದಲು ಮಗುವನ್ನು ನಂಬಬೇಕು. “ನೀನೇಕೆ ಅಲ್ಲಿಗೆ ಹೋದೆ?” ಎಂದು ಕೇಳಬಾರದು. “ಹೇಳಿದ್ದು ಒಳ್ಳೆಯದಾಯಿತು” ಎನ್ನಬೇಕು. ಆ ಮನುಷ್ಯನ ಸಂಪರ್ಕವನ್ನು ಅಂದೇ ತಪ್ಪಿಸಬೇಕು. ‘ಮನೆಯ ಮಾತು ಹೊರಗೆ ಹೋಗಬಾರದು’ ಎಂಬ ಮರ್ಯಾದೆಗೆ ಮಗುವಿನ ಆಯುಸ್ಸನ್ನು ಬೆಲೆಯಾಗಿ ಕೊಡಲಾಗದು. ೨೦೧೨ರ ಪೋಕ್ಸೋ ಕಾಯಿದೆಯ ಪ್ರಕಾರ ಇಂಥ ಅಪರಾಧವನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯಕ್ಕೆಂದು ೧೯೯೬ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಆರಂಭವಾದ ೧೦೯೮ ಎಂಬ ದೂರವಾಣಿ ಸಂಖ್ಯೆ ಈಗ ಸರ್ಕಾರದ ವ್ಯವಸ್ಥೆಯಲ್ಲಿ ದೇಶಾದ್ಯಂತ ನಡೆಯುತ್ತಿದೆ. ಮಗುವೇ ಅದಕ್ಕೆ ಕರೆಮಾಡಬಹುದು.

ಕೊನೆಯದಾಗಿ, ಇದನ್ನು ಓದುತ್ತಿರುವ ವಯಸ್ಕರಲ್ಲಿ ಕೆಲವರಿಗೆ ತಮ್ಮದೇ ಎಳವೆ ನೆನಪಾಗಿರಬಹುದು. ಅಂಥವರು ತಮ್ಮ ವೈದ್ಯರಿಗೆ ಸಕ್ಕರೆ, ರಕ್ತದೊತ್ತಡಗಳ ಜತೆಗೆ ಅದನ್ನೂ ಹೇಳಲು ಸಂಕೋಚಪಡಬೇಕಾಗಿಲ್ಲ. ಹಳೆಯ ಗಾಯಕ್ಕೆ ಮಾತಿನ ಚಿಕಿತ್ಸೆ ಉಂಟು. ಬಲ್ಲವರ ಮುಂದೆ ಕೂತು ಹಂತಹಂತವಾಗಿ ಬಿಡಿಸಿಕೊಳ್ಳುವ ಕ್ರಮ ಉಂಟು. ಸಾಕಷ್ಟು ನಿದ್ರೆ, ನಡಿಗೆ, ಚಟಗಳನ್ನು ಬಿಡುವುದು, ನಾಲ್ಕು ಜನರ ಒಡನಾಟ ಇವೂ ದೇಹದ ಹೊರೆಯನ್ನು ಇಳಿಸುತ್ತವೆ. ೨೦೨೨ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಯಾವ ಊರಿನಿಂದ ಬೇಕಾದರೂ ಕರೆಮಾಡಿ, ಖರ್ಚಿಲ್ಲದೆ ಮನಶ್ಶಾಸ್ತ್ರ ಬಲ್ಲವರೊಡನೆ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದಕ್ಕೆ ಮಾರ್ಗದರ್ಶಿ. ಕನ್ನಡದಲ್ಲಿಯೂ ಅದು ದೊರೆಯುತ್ತದೆ. ನೋವನ್ನು ಹೇಳಿಕೊಳ್ಳುವಾಗ ತಾಯಿನುಡಿ ದೊರೆತರೆ ಅರ್ಧ ಭಾರ ಇಳಿದಂತೆಯೇ.

ನಮ್ಮ ಸಂಘಗಳು ನಾಟಕವಾಡಿಸುತ್ತವೆ, ರಾಜ್ಯೋತ್ಸವ ನಡೆಸುತ್ತವೆ, ಮಕ್ಕಳಿಗೆ ಬಹುಮಾನ ಹಂಚುತ್ತವೆ. ಇವುಗಳ ಜತೆಗೆ ಇನ್ನೊಂದು ಕೆಲಸವನ್ನು ಹಚ್ಚಿಕೊಂಡರೆ ಒಳ್ಳೆಯದು. ಅಜ್ಜ ಅಜ್ಜಿಯರು ದೂರವಿರುವ ಮನೆಗಳ ಮಕ್ಕಳಿಗೆ, ಭಾನುವಾರದ ಕನ್ನಡ ತರಗತಿಯಲ್ಲಾಗಲಿ ಭಜನೆಯ ಮನೆಯಲ್ಲಾಗಲಿ, ಹೆಸರು ಹಿಡಿದು ಕರೆದು “ಏಕೋ ಸಪ್ಪಗಿದ್ದೀಯಲ್ಲ ಮಗು?” ಎಂದು ಕೇಳುವ ಹಿರಿಯರೊಬ್ಬರು ಸಿಗುವಂತೆ ನೋಡಿಕೊಳ್ಳಬೇಕು. ನಿವೃತ್ತರಾದ ಉಪಾಧ್ಯಾಯರೂ ತಾಯಂದಿರೂ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗೆ ಕೇಳಿ, ಉತ್ತರ ಬರುವ ತನಕ ತಾಳ್ಮೆಯಿಂದ ಕಾಯುವುದಕ್ಕೆ ಹಣ ಬೇಕಾಗಿಲ್ಲ, ಪದವಿ ಬೇಕಾಗಿಲ್ಲ. ನಲ್ವತ್ತು ವರ್ಷದ ಮೇಲೆ ಯಾವುದೋ ಆಸ್ಪತ್ರೆಯ ಬಿಲ್ಲೊಂದು ಬಾರದೆ ಉಳಿದರೆ, ಅದಕ್ಕೆ ಕಾರಣ ಆ ಒಂದು ಪ್ರಶ್ನೆಯೆಂದು ಯಾರಿಗೂ ತಿಳಿಯದಿರಬಹುದು. ತಿಳಿಯದಿದ್ದರೂ ಚಿಂತೆಯಿಲ್ಲ.